ಬೇಲಿಯ ಅಂಕೋಲೆಗೆ ಸರ್ವೆ ನಂಬರು

ಇವತ್ತು ನಸುಕಿನ ನಾಲ್ಕೂವರೆಗೆ ಕೊಡಲಿ ಏಟಿನ ಸದ್ದಿಗೆ ಎಚ್ಚರವಾಯಿತು, ಗೆಳತಿಯರೇ. ಮಗುವನ್ನು ಎತ್ತಿಕೊಂಡೇ ಓಡಿದೆ. ಪಕ್ಕದ ಹೊಲದ ಮುನಿಯಪ್ಪನವರು ತಮ್ಮ ಬೇಲಿಯ ಅಂಕೋಲೆ ಗಿಡಗಳನ್ನು ಕಡಿಯುತ್ತಿದ್ದರು. ಹೊಲದ ಸರ್ವೆ ನಂಬರು ಕೇಳಿಕೊಂಡು ನಮ್ಮ ಗುಂಪಿನ ಕಾಡುಗಿಡಗಳ ಪಟ್ಟಿಗೆ ನಾನು ನಿನ್ನೆಯಷ್ಟೇ ಸೇರಿಸಿದ ಗಿಡಗಳವು.

“ಯಾಕೆ ಕಡೀತಿದ್ದೀರಿ? ನಾವು ಬರೀ ಗಿಡ ಬರ್ಕೊಳ್ಳೋರು ಕಣ್ರೀ!” ಎಂದೆ.

“ಗಿಡಕ್ಯಾಕಮ್ಮ ಸರ್ವೆ ನಂಬ್ರು? ಕಾರ್ಖಾನೆಗೆ ನಮ್ಮಣ್ಣನ ಜಮೀನು ಕಿತ್ಕೊಂಡಾಗ್ಲೂ ಮೊದ್ಲು ಇಂಗೇ ಬಂದು ಮರ ಎಣಿಸಿದ್ರು. ಗಿಡಾನೇ ಇಲ್ದಿದ್ರೆ ಏನ್ ಬರ್ಕಂತೀರಾ?”

ಪಟ್ಟಿಯಲ್ಲಿ ಸರ್ವೆ ನಂಬರಿನ ಕಾಲಂ ಯಾಕಿದೆಯೆಂದು ಬಿ.ಎಸ್ಸಿ. ಓದಿದ ನಾನು ಕೇಳಿರಲೇ ಇಲ್ಲ. ಪಟ್ಟಿ ನಾಳೆ ಬೆಳಿಗ್ಗೆಯೇ ಸರ್ಕಾರಿ ಕಚೇರಿಗೆ ಹೋಗುತ್ತದಂತೆ. ನಮ್ಮ ಮನೆಯಲ್ಲಿ ಫೋನಿಲ್ಲ. ಈ ಚೀಟಿ ಓದಿದವರಲ್ಲಿ ಫೋನ್ ಇರುವವರು ಯಾರಾದರೂ ನಾಳೆ ಬೆಳಗಾಗುವುದರೊಳಗೆ ಗುಂಪಿನ ಸಂಚಾಲಕರಿಗೆ ಕರೆ ಮಾಡಿ, ಆ ನಂಬರುಗಳನ್ನು ತೆಗೆಸಿ, ದಮ್ಮಯ್ಯ.