ಪೊರೆ ಎಂದು ಹೇಳಿದ್ದ ಸುಳ್ಳು

ಸಹನಾ, ತೇಜಸ್, ಮೊನ್ನೆ ಪಕ್ಕದ ಬೀದಿಯ ಗಿರಿಜಮ್ಮ ನಮ್ಮ ಚಾಮರಾಜಪೇಟೆ ಮನೆಗೆ ಚೀಲ ಹಿಡಿದೇ ಬಂದರು. ಕುಚ್ಚು ಕಟ್ಟಲು ನನಗೆ ಕೊಟ್ಟಿದ್ದ ಮೂರು ರೇಷ್ಮೆ ಸೀರೆಗಳನ್ನು ವಾಪಸ್ ಕೇಳಿದರು.

"ಪಾಪ, ಕಣ್ಣಿನ ಪೊರೆ ತೆಗೆಸಿದೀರಿ. ಮಗಳ ಮದುವೆ ಸೀರೆ ನೋಡಿ, ಬೇರೆ ಕಡೆ ಕೊಡ್ತೀನಿ ಬಿಡಿ."

ನನ್ನ ಮೇಲೆ ನನಗೇ ಸಿಟ್ಟು ಬಂತು. ನಾನು ಮಾಡಿಸಿಕೊಂಡದ್ದು ಪ್ಲಾಸ್ಟಿಕ್ ಸರ್ಜರಿ. ಜೋತುಬಿದ್ದಿದ್ದ ರೆಪ್ಪೆಗಳನ್ನು ಎತ್ತಿಸಿಕೊಂಡಿದ್ದೆ. ಗಂಡನಿಲ್ಲದವಳಿಗೆ ಈ ವಯಸ್ಸಿನಲ್ಲಿ ಅಂದವೇಕೆ ಎಂದು ಜನ ಆಡಿಕೊಂಡಾರೆಂದು ಹೆದರಿ, ಬೀದಿಗೆಲ್ಲ ಪೊರೆ ಎಂದಿದ್ದೆ. ಅಂದಿನಿಂದ ಕಾಟವೋ ಕಾಟ. ತಲೆಗೆ ನೀರು ಹಾಕಿಕೊಳ್ಳಬೇಡಿ ಎನ್ನುವವರು, ಬಂದವರೇ ಟಿವಿ ಆರಿಸುವವರು, "ಇದೆಷ್ಟು ಬೆರಳು ಹೇಳಿ" ಎಂದು ಮುಖದ ಮುಂದೆ ಕೈ ಆಡಿಸುವವರು! ದಿನಕ್ಕೆ ಒಂದೆರಡು ಗಂಟೆ ಕೆಲಸ ಮಾಡಬಹುದೆಂದು ಡಾಕ್ಟರು ಹೇಳಿದರೂ ಬೀದಿಯವರು ಒಪ್ಪಲಿಲ್ಲ. ಈಗ ಕೆಲಸವೇ ಕೈತಪ್ಪುವುದರಲ್ಲಿತ್ತು.

ಕಪ್ಪು ಕನ್ನಡಕ ತೆಗೆದುಬಿಟ್ಟೆ.

"ಪೊರೆ ಅಲ್ಲ ಕಣ್ರೀ, ರೆಪ್ಪೆ ಎತ್ತಿಸ್ಕೊಂಡೆ. ಚೆನ್ನಾಗಿ ಕಾಣ್ಲಿ ಅಂತಾನೇ. ಕಣ್ಣು ನೆಟ್ಟಗಿದೆ, ಮದುವೆಗೆ ಮುಂಚೆ ಸೀರೆ ಕೊಡ್ತೀನಿ."

ಗಿರಿಜಮ್ಮ ಹತ್ತಿರ ಬಂದು ರೆಪ್ಪೆಯ ಮೇಲಿನ ಹೊಲಿಗೆಯ ಗೆರೆ ನೋಡಿದರು. ಬೈಗುಳ ಬರುತ್ತದೆಂದು ಕಾದೆ. ಅವರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ನಂದೂ ಜೋತುಬಿದ್ದಿದ್ಯಾ, ನೋಡಿ ಹೇಳ್ರೀ" ಎಂದರು. ಸೀರೆಗಳನ್ನು ನನ್ನಲ್ಲೇ ಬಿಟ್ಟು ಹೋದರು.

ಹದಿನೈದು ದಿನ ಇಲ್ಲದ ಪಥ್ಯ ಮಾಡಿದ್ದೆಲ್ಲ ದಂಡ. ನಿಮಗೂ ಪೊರೆ ಎಂದೇ ಹೇಳಿದ್ದೆನಲ್ಲ ಮಕ್ಕಳೇ, ಅದಕ್ಕೇ ಇದನ್ನು ಬರೆದೆ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.