ಜೋಡಿಮನೆಯ ಕರಾರು

ಶಾಂತವ್ವ ನಿಮಗೆ ಮೋಸ ಮಾಡಲಿಲ್ಲ, ಹುಲಿಗೆಮ್ಮಾ. ಮಾಡಿದವನು ನಾನು. ಆ ಸತ್ತ ಹೆಂಗಸಿಗೆ ನೀವು ಹಾಕುತ್ತಿರುವ ಶಾಪವೆಲ್ಲ ನನಗೆ ಸಲ್ಲಬೇಕಾದದ್ದು — ಇಷ್ಟನ್ನು ಬರೆಯಲು ನನಗೆ ಮೂರು ವರ್ಷ ಬೇಕಾಯಿತು.

ಹೊಸಪೇಟೆಯ ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು, ಪತ್ರ ಬರೆದೇ ಸಂಸಾರ ಸಾಕಿದವನು ನಾನು. ಕಂಪ್ಲಿಯಲ್ಲಿದ್ದ ಶಾಂತವ್ವನ ಪರವಾಗಿ ನಿಮ್ಮಿಂದ ಬಾಡಿಗೆ ಪಡೆದು ಕಳಿಸುತ್ತಿದ್ದವನೂ ನಾನೇ. ಅವರದು ಒಂದೇ ಮಾಳಿಗೆ, ಎರಡು ಬಾಗಿಲು — ಒಂದರಲ್ಲಿ ನಿಮ್ಮ ಸಂಸಾರ, ರೊಟ್ಟಿ ಖಾನಾವಳಿ. ಇನ್ನೊಂದರಲ್ಲಿ ಹಂಪಿಗೆ ಆಟೋ ಓಡಿಸುವ ಮಾಬುಸಾಬ, ಅವನ ಹೆಂಡತಿ, ಮಕ್ಕಳು. ಹದಿನೆಂಟು ವರ್ಷ ಹಾಗೇ ನಡೆದಿತ್ತು.

ಒಂದು ದಿನ ಶಾಂತವ್ವ ನನ್ನ ಮೇಜಿನ ಹತ್ತಿರ ಬಂದು ಕುಳಿತರು.

"ಈರಣ್ಣ, ಗ್ವಾಡಿಗೆ ಒಂದು ಮೊಳಿ ಹೊಡಿಬೇಕಂದ್ರೂ ಅವ್ರು ನನಗ ಫೋನ್ ಮಾಡ್ತಾರ. ಇಷ್ಟು ವರ್ಷ ಇದ್ದವ್ರು ಇನ್ನೂ ಕೇಳ್ತಾರಂದ್ರ ನನಗ ನಾಚಿಕಿ ಬರ್ತೈತಿ. ಮನಿ ಅವ್ರಿಗೇ ಆಗೋ ಹಂಗ ಏನರ ಬರಿ."

ಬರೆದೆ. ಐದು ವರ್ಷದ ಕರಾರು. ಮನೆಯ ಬೆಲೆ ಅಂದಿನದೇ, ಮುಂದೆ ಏರಿಸುವಂತಿಲ್ಲ. ಪ್ರತಿ ತಿಂಗಳ ಬಾಡಿಗೆಯಲ್ಲಿ ಅರ್ಧ ಆ ಬೆಲೆಗೇ ಜಮೆ. ಐದನೆಯ ವರ್ಷದ ಕೊನೆಗೆ ನೀವೂ ಮಾಬುಸಾಬನೂ ಉಳಿದದ್ದನ್ನು ಕೊಟ್ಟರೆ ಅವರವರ ಮನೆ ಅವರವರಿಗೆ, ಬೇಡವೆಂದರೆ ಬಲವಂತವಿಲ್ಲ. ನನ್ನ ಕೈಯಿಂದ ಅಷ್ಟು ನ್ಯಾಯವಾದ ಪತ್ರ ಅದಕ್ಕೆ ಮೊದಲು ಬಂದಿರಲಿಲ್ಲ. ನೀವೆಲ್ಲ ಸಹಿ ಹಾಕಿದಿರಿ. ಇನ್ನು ಉಳಿದದ್ದು ನೋಂದಣಿ. ಅದಿಲ್ಲದೆ ಆ ಹಾಳೆಗೆ ಬಲವಿಲ್ಲ — ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಮಂಡಿನೋವಿನ ಶಾಂತವ್ವ ಅದಕ್ಕಾಗಿ ಮೂರು ಸಲ ಕಂಪ್ಲಿಯಿಂದ ಬಸ್ಸು ಹತ್ತಿ ಬಂದರು. ಮೊದಲ ಸಲ ಸರ್ವರ್ ಇರಲಿಲ್ಲ. ಎರಡನೆಯ ಸಲ ಕಂದಾಯದ ರಸೀದಿ ಸಿಗಲಿಲ್ಲ. ಎರಡು ಸಲವೂ ನಿಮ್ಮನ್ನು ಕರೆಸುವ ಮೊದಲೇ ಕೆಲಸ ನಿಂತಿತ್ತು, ಅವರು ಬಂದದ್ದು ನಿಮಗೆ ತಿಳಿಯಲೇ ಇಲ್ಲ. ಮೂರನೆಯ ಸಲ ಎಲ್ಲವೂ ಸರಿಯಿತ್ತು. ನಿಮ್ಮನ್ನು ಕರೆಸುವುದಷ್ಟೇ ಬಾಕಿ. ಅಷ್ಟರಲ್ಲಿ ಸಂಡೂರಿನ ಗಣಿ ಗುತ್ತಿಗೆದಾರನೊಬ್ಬ ಕಾರಿನಿಂದ ಇಳಿದ. ದೊಡ್ಡ ಜಮೀನು, ದೊಡ್ಡ ಪತ್ರ, ಅವತ್ತೇ ಆಗಬೇಕೆಂಬ ಹಟ. ನಾನು ಶಾಂತವ್ವನ ಸರದಿಯನ್ನು ಅವನಿಗೆ ಕೊಟ್ಟೆ.

"ನೀವು ಊರಿಗೆ ಹೋಗ್ರವ್ವ, ಉಳಿದದ್ದು ನಾ ನೋಡ್ಕೋತೀನಿ" ಅಂದೆ. ಬರೆದುಕೊಟ್ಟವರ ಹೆಬ್ಬೆಟ್ಟು, ಫೋಟೋ ಇಲ್ಲದೆ ನೋಂದಣಿಯಾಗದು ಎಂಬುದು ಅವರಿಗೆ ತಿಳಿಯದು; ಹಾಳೆಗೆ ಹಾಕಿದ ಸಹಿಯೇ ಸಾಕು ಅಂದುಕೊಂಡಿದ್ದರು. ನಂಬಿ ಹೋದರು.

ರಾತ್ರಿಯಾಗುವ ಮೊದಲೇ ಫೋನ್ ಬಂತು. "ಆತೇನಪ್ಪ?"

"ಆತವ್ವ."

ಆಗಿಲ್ಲ ಎಂದರೆ ಬೇಸರಪಡುತ್ತಾರೆ, ಮುಂದಿನ ವಾರ ಏನಾದರೂ ನೆಪ ಹೇಳಿ ಕರೆಸಿದರಾಯಿತು ಅಂದುಕೊಂಡೆ. ವಾರ ತಿಂಗಳಾಯಿತು. ಆಮೇಲೆ — ಕರೆಸಬೇಕೆಂದರೆ ಸುಳ್ಳು ಒಪ್ಪಿಕೊಳ್ಳಬೇಕಿತ್ತು. ನೀವು ಕೇಳಿದಾಗ "ಅವ್ವ ಬಂದಾಗ ಹೇಳ್ತೀನಿ" ಅಂದೆ. ಅವರು ಕೇಳಿದಾಗ "ಕಾಗದ ನನ್ನ ಹತ್ರ ಭದ್ರ ಐತಿ" ಅಂದೆ. ಎಂಟು ತಿಂಗಳು ಹೀಗೆ ಇಬ್ಬರ ನಡುವೆ ನಿಂತಿದ್ದೆ. ಒಂದು ಬೆಳಿಗ್ಗೆ ಶಾಂತವ್ವ ಬಚ್ಚಲಲ್ಲಿ ಜಾರಿ ಬಿದ್ದರು. ಮತ್ತೆ ಏಳಲಿಲ್ಲ.

ಮಕ್ಕಳಿಲ್ಲದ ಅವರ ಆಸ್ತಿ ಅಣ್ಣನ ಮಗನಿಗೆ ಹೋಯಿತು. ಅವನು ಬೇರೆಯವರಿಗೆ ಮಾರಿದ. ಮಾರುವ ಮೊದಲು ನಾನು ಅವನ ಮನೆಗೆ ಹೋಗಿ ಕೈಮುಗಿದೆ, ಇದು ನಿಜ. "ನೋಂದಣಿ ಆಗಿದ್ರ ತೋರಸ್ರಿ" ಅಂದ. ತೋರಿಸಲು ಏನಿತ್ತು? ನಿಮ್ಮ ಜೊತೆ ವಕೀಲರ ಹತ್ತಿರ ಬಂದೆ. ಹೋರಾಡಬಹುದು, ಆದರೆ ವರ್ಷಗಟ್ಟಲೆ ಹಿಡಿಯುತ್ತದೆ, ಗೆಲ್ಲುವ ಭರವಸೆಯಿಲ್ಲ ಎಂದರು ಅವರು. ಆಗ ನೀವು ನನ್ನ ಕಡೆ ತಿರುಗಿದಿರಿ.

"ಅಣ್ಣಾರ, ನೋಂದಣಿ ಯಾಕ ಆಗಲಿಲ್ರಿ?"

ಹೇಳಬಹುದಿತ್ತು. ಆ ಕ್ಷಣ, ಆ ಕುರ್ಚಿಯಲ್ಲೇ. ಬಾಯಿಂದ ಬಂದದ್ದು ಬೇರೆ — "ನಾ ಭಾಳ ಸಲ ಕರದೆ. ಅವ್ವನೇ ಬರಲಿಲ್ಲ."

ನೋವಿನ ಕಾಲೆಳೆದುಕೊಂಡು ಮೂರು ಸಲ ಬಂದವರ ಬಗ್ಗೆ ಹಾಗೆ ಹೇಳಿದೆ.

ಕೊಂಡವರು ಮನೆ ಬಿಡಿಸಿದರು. ಮಾಬುಸಾಬ ಸಾಮಾನು ತುಂಬಿಕೊಂಡು ಸಂಡೂರಿನ ಭಾವಮೈದುನನ ಮನೆಗೆ ಹೋದ. ನೀವು ಊರ ಹೊರಗೆ ಒಂದು ಕೋಣೆ ಹಿಡಿದಿರಿ; ಖಾನಾವಳಿ ನಿಂತಿತು. ಮೊನ್ನೆ ರೇಷನ್ ಕಾರ್ಡಿನ ವಿಳಾಸ ಬದಲಿಸಲು ಅರ್ಜಿ ಬರೆಸಲು ನನ್ನ ಬಳಿಗೇ ಬಂದಿರಿ.

"ಬಾಯಾಗ ಮಾತ್ರ 'ಮನಿ ನಿಮ್ದ ಅಂತ ತಿಳಕೋ' ಅಂದ್ಲು ಆ ಮುದುಕಿ. ನಂಬಿಸಿ ಕುತ್ತಿಗಿ ಕೊಯ್ದಳು. ನೀವೊಬ್ರ ನೋಡ್ರಿ ಅಣ್ಣಾರ, ನಮ್ಮ ಪರವಾಗಿ ಓಡಾಡಿದವ್ರು" ಎಂದು ನನಗೆ ಚಹಾ ತರಿಸಿದಿರಿ. ಹಣ ನಾನು ಕೊಡುತ್ತೇನೆಂದರೂ ಬಿಡಲಿಲ್ಲ.

ಆ ಚಹಾ ಕುಡಿದೆ, ಹುಲಿಗೆಮ್ಮಾ. ಕುಡಿದು, ಅರ್ಜಿ ಬರೆದು, ನೀವು ರಸ್ತೆ ದಾಟುವುದನ್ನು ನೋಡುತ್ತ ಕುಳಿತೆ. 

ಮನೆ ನಿಮ್ಮದೆಂದು ಶಾಂತವ್ವ ಹೇಳಿದ್ದು ನಿಜವೆಂದು ನಂಬಿಯೇ ಹೇಳಿದ್ದು. ಅದು ನಿಮಗೇ ಆಗುತ್ತದೆಂಬ ಸಮಾಧಾನದಲ್ಲೇ ಅವರು ಸತ್ತರು. ಆ ಮನೆಯನ್ನು ನಿಮಗೆ ಮರಳಿ ಕೊಡಿಸುವುದು ನನ್ನ ಕೈಯಲ್ಲಿಲ್ಲ. ಈಗ ಅಲ್ಲಿ ಹಳೆಯ ಗೋಡೆಯೂ ಇಲ್ಲ. ನನ್ನಿಂದ ಆಗುವುದು ಆ ಹೆಂಗಸಿನ ಹೆಸರನ್ನು ಅವರಿಗೆ ಮರಳಿಸುವುದು ಮಾತ್ರ.

ನಾಳೆ ಸಂಡೂರಿಗೆ ಹೋಗಿ ಮಾಬುಸಾಬನ ಮುಂದೆ ಇದನ್ನೆಲ್ಲ ಹೇಳುತ್ತೇನೆ. ನಾಡಿದ್ದು ನಿಮ್ಮ ಕೋಣೆಗೆ ಬಂದು ಈ ಹಾಳೆಗಳನ್ನು ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವ ತನಕ ಹೊರಗೇ ನಿಂತಿರುತ್ತೇನೆ. ಎಂದಿನಂತೆ 'ಒಳಗ ಬರ್ರಿ, ಕುಂದ್ರಿ' ಅನ್ನಬೇಡಿ.