ರೇಸಿನ ಕಾರಿಗೆ ನಾನು ಆರಿಸಿದ ಚಕ್ರ

ಮರದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಮಾಲೂರು ಸೀಮೆಯಲ್ಲಿ ನಮ್ಮಪ್ಪ ಗಾಡಿಯ ಚಕ್ರಕ್ಕೆ ಹೆಸರಾದವನು. ಅವನ ಕೈಕೆಳಗೆ ಹದಿನೈದು ವರ್ಷ ಉಳಿ ಹಿಡಿದ ಮೇಲೆ ನನಗೂ ಕೊಬ್ಬು ಬಂದಿತ್ತು. ಚಕ್ರದ ನಡುವಿನ ಗುಂಬಕ್ಕೆ ಕೂರಿಸಿದ ಅರೆಕಾಲುಗಳನ್ನು, ಅಂದರೆ ಮರದ ಕಡ್ಡಿಗಳನ್ನು, ಬೆರಳಲ್ಲಿ ತಟ್ಟಿ, ಯಾವುದು ಬಿಗಿ ಯಾವುದು ಸಡಿಲ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದೆ. ಸಂತೆಯಲ್ಲಿ ನಾಲ್ಕು ಜನ ಸೇರಿದರಂತೂ ಕೇಳುವುದೇ ಬೇಡ. "ಬಾಯಿ ಮುಚ್ಕೊಂಡು ಕೆಲ್ಸ ನೋಡ್ಲಾ" ಎಂದು ಅಪ್ಪ ಗದರಿಸುತ್ತಿದ್ದ. ನಾನು ಕೇಳಿದವನಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು. ಕೋಲಾರದಲ್ಲಿ ನನಗೊಬ್ಬ ಸ್ನೇಹಿತನಿದ್ದ. ಮುಸಲ್ಮಾನರ ಮನೆಯವನು, ಮೋಟಾರು ರಿಪೇರಿಯಲ್ಲಿ ಪಳಗಿದವನು. ಅವರಪ್ಪ ಜಟಕಾ ಕುದುರೆಗಳಿಗೆ ಚರ್ಮದ ಸಾಮಾನು ಹೊಲಿಯುತ್ತಿದ್ದಾಗಿನಿಂದ ನಮ್ಮ ಎರಡು ಮನೆಗೂ ಬಳಕೆ. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ, ಅವನು ನನ್ನನ್ನು ಆಚಾರಿ ಎನ್ನುತ್ತಿದ್ದ. ಅವನದು ಮಾತು ಕಡಿಮೆ, ನನ್ನದು ಹೆಚ್ಚು. ಜೋಡಿ ಸರಿಹೋಗಿತ್ತು.

ಆ ಊರಿನ ಸಾಹುಕಾರರೊಬ್ಬರ ಹತ್ತಿರ ಎರಡೇ ಸೀಟಿನ, ತಲೆಯ ಮೇಲೆ ಮುಚ್ಚಳವಿಲ್ಲದ ಓಟದ ಕಾರಿತ್ತು. ಯಾರೋ ದೊರೆ ಓಡಿಸಿ ಬಿಟ್ಟಿದ್ದು. ಆ ಬೇಸಿಗೆಯಲ್ಲಿ ಮುಳಬಾಗಿಲಿನ ದಾರಿಯ ಒಂದು ಒಣಗಿದ ಕೆರೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಕಾರುಗಳ ರೇಸು ಇಟ್ಟಿದ್ದರು. ಹತ್ತು ಸುತ್ತು. ಸಾಹುಕಾರರು ಭಾಯಿಯನ್ನು ಕರೆದು, "ನೀನೇ ಓಡ್ಸಪ್ಪಾ. ಮರ್ಯಾದೆ ಉಳಿಸಿದ್ರೆ ಶ್ರೀನಿವಾಸಪುರದ ಹೊಸ ಬಸ್ಸು ನಿಂದೇ" ಎಂದರು. ಅವರಿವರ ಗಾಡಿಯ ಕೆಳಗೆ ಮಲಗಿ ಎಣ್ಣೆ ಬಳಿದುಕೊಂಡೇ ಮೂವತ್ತಾಗಿತ್ತು ಅವನಿಗೆ. ಬಸ್ಸಿನ ಡ್ರೈವರ್ ಆಗಬೇಕೆಂಬುದೊಂದೇ ಅವನ ಆಸೆ. ಅವನ ತಾಯಿ ಆಗಲೇ ಬೀದಿಗೆಲ್ಲ ಸುದ್ದಿ ಹೇಳಿಬಿಟ್ಟಿದ್ದರು.

ಕಾರಿಗೆ ಎರಡು ಬಗೆಯ ಚಕ್ರಗಳಿದ್ದವು, ತಲಾ ನಾಲ್ಕು. ಒಂದು ಮರದ ಅರೆಕಾಲಿನದು, ಅದರ ಟೈರುಗಳು ಹೊಸವು. ಇನ್ನೊಂದು ಸೈಕಲ್ ಚಕ್ರದಂತೆ ತಂತಿ ಕಡ್ಡಿಗಳದು, ಹಗುರ. ಆದರೆ ಅದರ ಟೈರುಗಳು ಸವೆದು, ಎರಡರ ಪಕ್ಕದಲ್ಲಿ ಒಳಗಿನ ನೂಲು ಕಾಣುತ್ತಿತ್ತು. ಅಳತೆ ಬೇರೆಯಾದ್ದರಿಂದ ಇದರ ಟೈರು ಅದಕ್ಕೆ ಕೂರುತ್ತಿರಲಿಲ್ಲ. ಭಾಯಿ ಒಂದೊಂದನ್ನೂ ನೆಲದ ಮೇಲೆ ಉರುಳಿಸಿ ಸೊಟ್ಟ ನೋಡಿದ, ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ.

"ತಂತಿ ಚಕ್ರಾನೇ ಹಾಕೋಣ ಆಚಾರಿ. ತಿರುವಲ್ಲಿ ಮರ ತಡೆಯಲ್ಲ. ಬೆಂಗಳೂರಿಗೆ ಹೋಗಿ ಟೈರು ಹುಡುಕ್ಕೊಂಡು ಬರ್ತೀನಿ."

ನನಗೆ ಮೈ ಉರಿಯಿತು. ಶೆಡ್ಡಿನ ಮುಂದೆ ಹತ್ತಾರು ಜನ ನಿಂತಿದ್ದರು, ಸಾಹುಕಾರರೂ ಇದ್ದರು. "ಮರ ತಡೆಯಲ್ವಾ? ಯಾರ ಮುಂದೆ ಹೇಳ್ತಾ ಇದ್ದೀಯ ಭಾಯಿ? ಟನ್ನುಗಟ್ಟಲೆ ಕಲ್ಲು ಹೊರ್ತವೆ ನಮ್ ಚಕ್ರ. ಆ ದಾರದಂಥ ಕಡ್ಡಿ ನಂಬ್ಕೊಂಡು ಹೋಗ್ತೀಯಾ? ಮರದ್ದು ನಾನು ನೋಡ್ಕೊಳ್ತೀನಿ ಬಿಡು!" ಎಂದು ಎದೆ ತಟ್ಟಿಕೊಂಡೆ. ಜನ ನಕ್ಕರು. ಸಾಹುಕಾರರು, "ಆಚಾರಿ ಹೇಳಿದ ಮೇಲೆ ಮುಗೀತು" ಎಂದರು. ಭಾಯಿ ನನ್ನ ಮುಖ ನೋಡಿ, "ಸರಿ, ನೀನು ಹೇಳಿದ್ರೆ ಆಯ್ತು" ಎಂದ.

ನಾಲ್ಕು ಟೈರುಗಳಲ್ಲಿ ಚೆನ್ನಾಗಿರುವ ಎರಡನ್ನು ಮುಂದಕ್ಕೆ ಎಂದು ಅವನು ಗುರುತು ಹಾಕಿ ಬಿಚ್ಚಿದ. ಟ್ಯೂಬುಗಳಿಗೆ ಸೀಮೆಸುಣ್ಣದ ಪುಡಿ ಸವರಿ, ಪೆಟ್ರೋಲು, ಬಿಡಿಭಾಗ ತರಲು ಮೂರು ದಿನ ಊರಾಚೆ ಹೋದ. ಬರಿಯ ಚಕ್ರಗಳು ನನ್ನ ಕೈಗೆ ಬಂದವು. ತಟ್ಟಿ ನೋಡಿದೆ. ಮೂರು ಗಟ್ಟಿಯಾಗಿದ್ದವು. ಬಲಗಡೆ ಮುಂದಿನದು ಮಾತ್ರ ಬೇಸಿಗೆಗೆ ಒಣಗಿ ಕಿರ್ರೆನ್ನುತ್ತಿತ್ತು.

ನಮ್ಮಲ್ಲಿ ಇದಕ್ಕೆ ಒಂದೇ ಮದ್ದು. ಗಾಡಿಯ ಚಕ್ರ ಸಡಿಲವಾದರೆ ಕುಂಟೆಯ ನೀರಿಗೆ ಕೆಡವುತ್ತೇವೆ. ಎರಡು ದಿನ ನೆನೆದರೆ ಮರ ಊದಿಕೊಂಡು ಕಬ್ಬಿಣದ ಪಟ್ಟಿಯನ್ನು ಒಳಗಿಂದ ಕಚ್ಚಿಕೊಳ್ಳುತ್ತದೆ. ಅಜ್ಜನೂ ಅದನ್ನೇ ಮಾಡಿದ, ಅಪ್ಪನೂ ಅದನ್ನೇ ಮಾಡಿದ. ನಾನೂ ಮಾಡಿದೆ. ಮೂರನೆಯ ದಿನ ತೆಗೆದು ತಟ್ಟಿದರೆ ಗಂಟೆಯ ಹಾಗೆ ನಾದ ಬಂತು. ಮೇಲಿನ ನೀರು ಒರೆಸಿ, ಎಣ್ಣೆ ಸವರಿದೆ. ಭಾಯಿ ಬಂದು ಟೈರು ಏರಿಸಿದ, ಜನರೆದುರಿಗೇ ಕಾರಿಗೆ ಚಕ್ರ ಕೂರಿಸಿದ. ಅಲ್ಲಾಡಿಸಿ ನೋಡಿದ. ಅಲ್ಲಾಡಲಿಲ್ಲ. ನಾನು ಮೀಸೆ ತಿರುವಿದೆ, ಥೂ ನನ್ನ!

ಎತ್ತಿನ ನಡಿಗೆಯ ಚಕ್ರಕ್ಕೂ ಬ್ರೇಕಿನ ಕಾವು ತಿನ್ನುವ ಚಕ್ರಕ್ಕೂ ವ್ಯತ್ಯಾಸವಿದೆ ಎಂದು ನನ್ನ ಮಂದ ತಲೆಗೆ ಹೊಳೆಯಲೇ ಇಲ್ಲ. ನೀರು ಕುಡಿದ ಮರ ಕಬ್ಬಿಣದ ಮಧ್ಯೆ ಸಿಕ್ಕಿ ತುದಿಯಲ್ಲಿ ನಜ್ಜಾಗಿರುತ್ತದೆ. ಬಿಸಿಗೆ ಒಮ್ಮೆಲೇ ಒಣಗಿದರೆ ಮೊದಲಿಗಿಂತ ಹೆಚ್ಚು ಕುಗ್ಗುತ್ತದೆ. ಗಾಡಿಯವನಾದರೆ ಸಂಜೆಗೆ ಮತ್ತೆ ನೀರಿಗೆ ಹಾಕಿಕೊಳ್ಳುತ್ತಾನೆ.

ಕೆರೆಯ ಏರಿಯ ಮೇಲೆ ಜನವೋ ಜನ. ಮಧ್ಯಾಹ್ನದ ಬಿಸಿಲಿಗೆ ಅಂಗಳದ ಮಣ್ಣು ಕಾದಿತ್ತು. ನಾಲ್ಕು ಕಾರುಗಳು ಹೊರಟವು. ಐದನೆಯ ಸುತ್ತಿಗೆ ಭಾಯಿ ಎರಡನೆಯವನಾಗಿದ್ದ. ನಾನು ತಲೆಯ ಮೇಲಿನ ವಸ್ತ್ರ ಬಿಚ್ಚಿ ಬೀಸುತ್ತಾ, "ಮರದ ಚಕ್ರ ನೋಡ್ರೋ!" ಎಂದು ಕೂಗುತ್ತಿದ್ದೆ. ಆರನೆಯ ಸುತ್ತಿನಲ್ಲಿ ತೂಬಿನ ಕಡೆಯ ತಿರುವಿಗೆ ಬಂದಾಗ ಬಲಗಡೆಯ ಮುಂದಿನ ಚಕ್ರ ಒಳಕ್ಕೆ ಮಡಿಚಿಕೊಂಡಿತು. ಕಾರು ಮಗುಚಿತು. "ಅಯ್ಯೋ ದೇವುಡಾ" ಎಂದು ಪಕ್ಕದಲ್ಲಿದ್ದ ಮುದುಕಿ ಕಿರುಚಿದಳು.

ಓಡಿ ಹೋಗಿ ಎತ್ತಿದೆವು. ಅವನ ಬಲಗಾಲು ಕಾರಿನ ಅಡಿಯಲ್ಲಿತ್ತು. ಅವನನ್ನು ಇನ್ನೊಂದು ಕಾರಿನಲ್ಲಿ ಮಲಗಿಸಿ ಕೋಲಾರಕ್ಕೆ ಒಯ್ದರು. ನಾನು ಹಿಂದೆಯೇ ಉಳಿದು ಅರೆಕಾಲುಗಳನ್ನು ಆರಿಸಿದೆ. ತುದಿಗಳು ಕುಟ್ಟಿದ ಕಬ್ಬಿನ ಹಾಗಿದ್ದವು. ಗುಂಬದಲ್ಲೇ ಉಳಿದಿದ್ದ ಅರೆಕಾಲುಗಳು ಎರಡು ಬೆರಳಿಗೇ ಕಿತ್ತು ಬಂದವು. ನನ್ನ ಕೆಲಸ ಎಂದು ಅಲ್ಲೇ ಗೊತ್ತಾಯಿತು. ಯಾರೂ ನೋಡದ ಹಾಗೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಬಿಟ್ಟೆ.

ಮೊಣಕಾಲಿನ ಮೇಲೆ ಕತ್ತರಿಸಿದರು. ಎಚ್ಚರವಾದ ಮೇಲೆ ಸಾಹುಕಾರರು, "ಏನಾಯ್ತಪ್ಪಾ?" ಎಂದು ಕೇಳಿದರು. ನಾನು ಮಂಚದ ಕಾಲಬಳಿ ನಿಂತಿದ್ದೆ. ಭಾಯಿ, "ಟೈರು ಒಡೀತು ಸಾಮಿ" ಎಂದ. ಅಷ್ಟು ಜೋರಿನಲ್ಲಿ ಅವನಿಗೆ ಹಾಗೆ ಅನ್ನಿಸಿರಬೇಕು ಎಂದುಕೊಂಡೆ. ಹೇಳಬೇಕಿತ್ತು. ಬಾಯಿಬಡುಕನ ಬಾಯಿ ಅವತ್ತು ಹೊಲಿದುಹೋಯಿತು.

ಬಸ್ಸು ಬೇರೆಯವನ ಪಾಲಾಯಿತು. ಭಾಯಿ ಅಕ್ಕನ ಮನೆಯ ಜಗಲಿಯಲ್ಲಿ ಕೂತು ಬೀಗ, ಸ್ಟೌ ರಿಪೇರಿ ಮಾಡಿಕೊಂಡ. ಯುದ್ಧ ಬಂತು, ಟೈರು ಮಾಯವಾಯಿತು, ಎಲ್ಲರೂ ಮತ್ತೆ ಎತ್ತಿನಗಾಡಿಗೆ ಬಂದರು. ನನ್ನ ಮನೆ ಮುಂದೆ ಜನ ಚಕ್ರಕ್ಕೆ ಕಾದು ನಿಂತರು. "ಆಚಾರಿ ಚಕ್ರ ಸೈ, ಟೈರು ಕೈಕೊಡ್ತು" ಎಂದೇ ಎಲ್ಲರೂ ಆಡಿಕೊಳ್ಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಆ ಅನ್ನ ಹೇಗೆ ಗಂಟಲಲ್ಲಿ ಇಳಿಯಿತೋ!

ಯುದ್ಧದ ಕೊನೆಯ ವರ್ಷ ಅವನು ಹೇಳಿಕಳಿಸಿದ. ಊರುಗೋಲಿನಿಂದ ಕಂಕುಳು ಹುಣ್ಣಾಗಿದೆ, ಕೂತು ಕೈಯಲ್ಲಿ ತಳ್ಳಿಕೊಂಡು ಹೋಗುವಂಥ ಸಣ್ಣ ಗಾಡಿ ಮಾಡಿಕೊಡು ಎಂದು. ಮರ ತಂದೆ, ಉಳಿ ಹಿಡಿದೆ, ಕೈ ಏಳಲಿಲ್ಲ. ಮಾರನೆಯ ಬೆಳಿಗ್ಗೆಯೇ ಕೋಲಾರಕ್ಕೆ ಹೋಗಿ ಅವನ ಮುಂದೆ ಕುಕ್ಕುರುಗಾಲಲ್ಲಿ ಕೂತೆ.

"ಭಾಯಿ, ಟೈರು ಒಡೀಲಿಲ್ಲ. ಚಕ್ರಾನ ನಾನು ನೀರಲ್ಲಿ ನೆನೆಸಿದ್ದೆ."

ಅವನು ಸ್ಟೌವಿನ ಪಿನ್ನು ಕೆಳಗಿಟ್ಟ. "ಗೊತ್ತು. ನಟ್ಟು ಬಿಗಿಯೋವಾಗ ಗುಂಬದಿಂದ ನೀರು ಮುಂಗೈ ಮೇಲೆ ಇಳೀತು."

"ಗೊತ್ತಿದ್ದೂ ಕಾರಲ್ಲಿ ಕೂತ್ಯಾ? ಯಾಕೋ ಕೇಳ್ಲಿಲ್ಲ ನನ್ನ?"

"ಕೇಳೋಣ ಅಂತ್ಲೇ ತಲೆ ಎತ್ತಿದೆ. ಅಷ್ಟು ಜನ ನಿಂತಿದ್ರು. ಅವರ ಮುಂದೆ ನಿನ್ ಮುಖ ಸಣ್ಣಗಾಗ್ತಿತ್ತು ಆಚಾರಿ. ನಿಂಗೆ ಮರ ಗೊತ್ತು, ಏನೋ ಇರತ್ತೆ ಅಂತ ಸುಮ್ನಾದೆ."

"ಮತ್ತೆ ಟೈರು ಅಂತ ಯಾಕೆ ಹೇಳ್ದೆ?"

"ಚಕ್ರ ಮುರೀತು ಅಂದಿದ್ರೆ ನಿನ್ ಹತ್ರ ಯಾರು ಬರ್ತಿದ್ರು? ನಕೋ, ಬಿಡು. ಈಗ್ಲೂ ಯಾರ್ಗೂ ಹೇಳ್ಬೇಡ."

ಕಪಾಳಕ್ಕೆ ಬಾರಿಸಿದ್ದರೆ ಎಷ್ಟೋ ಮೇಲಿತ್ತು. ನನ್ನ ಮುಖ ಉಳಿಸಲು ಹೋಗಿ ಅವನು ಕಾಲು ಕಳೆದುಕೊಂಡಿದ್ದ. ಅಷ್ಟು ಬೆಲೆಬಾಳುವ ಮುಖವೇ ಇದು?

ಗಾಡಿ ಮಾಡಿದೆ. ಆರಿದ ಹೊನ್ನೆಮರದಲ್ಲಿ ನಾಲ್ಕು ಗಾಲಿ ಕಡೆದು, ಒಂದೊಂದನ್ನೂ ಹತ್ತು ಸಲ ತಟ್ಟಿ ನೋಡಿ, ಕೋಲಾರಕ್ಕೆ ಒಯ್ದು ಅವನ ಜಗಲಿಯ ಕೆಳಗೆ ಇಳಿಸಿದೆ. "ನೋಡ್ಕೋ ಭಾಯಿ, ತಿರುಗ್ಸಿ ನೋಡು, ಅಲ್ಲಾಡ್ಸಿ ನೋಡು" ಎಂದು ಬೇಡಿಕೊಂಡೆ. ಅವನು ಗಾಲಿಗಳ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ನನ್ನ ಹೆಗಲು ಹಿಡಿದು ಇಳಿದವನೇ ಅದರ ಮೇಲೆ ಕೂತುಬಿಟ್ಟ.